ಸರ್ವರ್ ಎರರ್ ಬಂದ್ರೂ ಕನ್ನಡದ ಮೇಲೇ ಗೂಬೆಯಾ?

ಕನ್ನಡದ ವೆಬ್‌ಸೈಟೊಂದು ಕೆಟ್ಟು ನಿಂತರೆ ಸಾಕು, ಎಲ್ಲಿಂದಲೋ ಒಬ್ಬರು ಪಂಡಿತರು ಹಾಜರ್. "ಕನ್ನಡ ಯುನಿಕೋಡ್ ಅಲ್ವಾ ಸಾರ್, ಅದಕ್ಕೇ ಹಂಗಾಗತ್ತೆ. ಶೀರ್ಷಿಕೆ ಇಂಗ್ಲಿಷಲ್ಲಿ ಕೊಡಿ, ಸರಿಹೋಗತ್ತೆ." ಕೇಳಿದವರು ತಲೆಯಾಡಿಸುತ್ತಾರೆ. ಮಾರನೇ ದಿನ ಸೈಟ್ ಮತ್ತೆ ಮಲಗುತ್ತದೆ. ಆಗ ಎರಡನೇ ಸಲಹೆ, "ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬಿಡಿ." ಹತ್ತು ವರ್ಷದ ಬರಹ ಹೋಯ್ತಲ್ಲಾ ಅಂತ ಗೋಳಾಡಿದರೆ "ಬ್ಯಾಕಪ್ ಇಟ್ಕೋಬೇಕಿತ್ತು" ಅನ್ನೋ ಉಪದೇಶ ಬೇರೆ!

ಇದು ತಾಂತ್ರಿಕ ಸಲಹೆ ಅಲ್ಲ ಸ್ವಾಮಿ, ಶುದ್ಧ ಸೋಮಾರಿತನ. ಲಾಗ್ ತೆರೆದು ಒಂದು ಸಾಲು ಓದಲಾರದ ಸೋಮಾರಿತನಕ್ಕೆ ಕನ್ನಡ ಯಾಕೆ ದಂಡ ಕಟ್ಟಬೇಕು?

ನಮ್ಮಲ್ಲಿ ಬಹಳ ಜನ ಬಳಸೋ ವರ್ಡ್‌ಪ್ರೆಸ್ಸನ್ನೇ ತಗೊಳ್ಳಿ. ತೆರೆಯ ಮೇಲೆ 500 ಅಂತ ಬಂದರೆ ಅದರ ಅರ್ಥ ಇಷ್ಟೇ: "ನನ್ನೊಳಗೆ ಏನೋ ಎಡವಟ್ಟಾಗಿದೆ" ಅಂತ ಸರ್ವರ್ ಹೇಳುತ್ತಿದೆ. ಏನು ಎಡವಟ್ಟು ಅನ್ನೋದು ಎರರ್ ಲಾಗ್‌ನಲ್ಲಿ ಇರುತ್ತದೆ. ಯಾವ ಫೈಲು, ಎಷ್ಟನೇ ಸಾಲು ಅನ್ನೋದೂ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಅಲ್ಲಿ ಕಾಣುವ ಕಾರಣಗಳು ಎಂಥವು ನೋಡಿ. 2020ರ ನವೆಂಬರಿನಲ್ಲಿ ಬಂದ ಪಿಎಚ್‌ಪಿ 8.0, "ಕ್ರಿಯೇಟ್ ಫಂಕ್ಷನ್" ಅನ್ನೋ ಹಳೇ ಸೌಲಭ್ಯವನ್ನು ಕಿತ್ತುಹಾಕಿತು. ವರ್ಷಗಟ್ಟಲೆ ಯಾರೂ ಮುಟ್ಟದ ಪ್ಲಗಿನ್ ಅದನ್ನೇ ನೆಚ್ಚಿಕೊಂಡಿದ್ದರೆ, ಹೋಸ್ಟಿಂಗ್‌ನವರು ಪಿಎಚ್‌ಪಿ ಬದಲಿಸಿದ ದಿನ ಸೈಟ್ ಢಮಾರ್. ಎರಡು ಪ್ಲಗಿನ್‌ಗಳು ಒಂದೇ ಹೆಸರಿನ ಫಂಕ್ಷನ್ ಇಟ್ಟುಕೊಂಡರೂ ಪಿಎಚ್‌ಪಿ ಒಪ್ಪುವುದಿಲ್ಲ, ಅಲ್ಲೇ ನಿಂತುಬಿಡುತ್ತದೆ. ಇದರಲ್ಲಿ ಕನ್ನಡ ಎಲ್ಲಿ ಬಂತು?

ಇನ್ನೊಂದು ಉದಾಹರಣೆ. 2020ರ ಆಗಸ್ಟಿನಲ್ಲಿ ವರ್ಡ್‌ಪ್ರೆಸ್ 5.5 ಬಂದಾಗ ಜೆಕ್ವೆರಿ ಮೈಗ್ರೇಟ್ ಅನ್ನೋ ಹಳೇ ಊರುಗೋಲನ್ನು ತೆಗೆದರು. ಹಳೇ ಥೀಮು, ಪ್ಲಗಿನ್ ಇದ್ದ ಸೈಟುಗಳಲ್ಲಿ ಮೆನು ತೆರೆಯಲಿಲ್ಲ, ಸ್ಲೈಡರ್ ಓಡಲಿಲ್ಲ. ಇಂಗ್ಲಿಷ್ ಸೈಟುಗಳೂ ಕೆಟ್ಟವು. ಕೊನೆಗೆ ವರ್ಡ್‌ಪ್ರೆಸ್‌ನವರೇ ಅದನ್ನು ವಾಪಸ್ ತರುವ ಸಹಾಯಕ ಪ್ಲಗಿನ್ ಕೊಟ್ಟರು. "ಇಂಗ್ಲಿಷಿನಲ್ಲಿ ಬರೆದಿದ್ದಕ್ಕೇ ಹೀಗಾಯ್ತು, ಭಾಷೆ ಬದಲಿಸಿ" ಅಂತ ಆಗ ಯಾರಾದರೂ ಅಂದರಾ?

ಕನ್ನಡಕ್ಕೇ ಅಂತ ಬರೋ ತೊಂದರೆಗಳು ಇಲ್ಲವೇ ಇಲ್ಲ ಅಂತಲ್ಲ. ಇವೆ, ಆದರೆ ಅವು ಬೇರೆ. ಕನ್ನಡದ ಒಂದು ಯುನಿಕೋಡ್ ಚಿಹ್ನೆಗೆ 3 ಬೈಟ್ ಬೇಕು. ವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಾಗುತ್ತದೆ, ಅಲ್ಲಿಗೆ 9 ಜಾಗ. "ಕನ್ನಡ" ಅನ್ನೋ ಪದದಲ್ಲಿ ಚಿಹ್ನೆಗಳು 5, ಹಿಡಿಯೋ ಜಾಗ 45! ವರ್ಡ್‌ಪ್ರೆಸ್ ಲೇಖನದ ವಿಳಾಸಕ್ಕೆ ಇಟ್ಟಿರೋ ಜಾಗ 200. ಅಂದರೆ ಸುಮಾರು 22 ಚಿಹ್ನೆಗೆ ಬಾಲ ಕತ್ತರಿಸುತ್ತದೆ. ಇಂಗ್ಲಿಷಿಗೆ ದೊಗಲೆಯಾಗೋ ಅಂಗಿ ನಮಗೆ ಗಿಡ್ಡ, ಅಷ್ಟೇ. ಹೊಲಿದವರನ್ನು ಕೇಳೋದು ಬಿಟ್ಟು ಮೈಯನ್ನೇ ಕತ್ತರಿಸಿಕೊಳ್ಳಿ ಅಂದರೆ ಹೇಗೆ? ವಿಳಾಸವನ್ನು ಕನ್ನಡದಲ್ಲೇ ಚಿಕ್ಕದಾಗಿ ಬರೆದರೆ ಆಯ್ತು. ಈ ಕತ್ತರಿಯಿಂದ 500 ಬರಲ್ಲ. ಮುಖಪುಟ ತೆರೆದು ಲೇಖನಗಳೆಲ್ಲ 404 ಅಂದರೂ ಪರ್ಮಾಲಿಂಕ್ ಸೆಟಿಂಗ್ ಪುಟಕ್ಕೆ ಹೋಗಿ ಇನ್ನೊಮ್ಮೆ ಸೇವ್ ಒತ್ತಿ ನೋಡಿ, ಹೆಚ್ಚಿನ ಸಲ ಅಷ್ಟರಲ್ಲೇ ಮುಗಿಯುತ್ತದೆ.

ನಿಜವಾದ ಅಪಾಯ ಇರೋದು ಅಕ್ಷರ ಕೆಟ್ಟಾಗ. ಕನ್ನಡ ಇದ್ದಲ್ಲೆಲ್ಲ ತಲೆ ಮೇಲೆ ಗೀಟಿರೋ ರೋಮನ್ ಅಕ್ಷರ, ಪುಟಾಣಿ 2 ಕಾಣಿಸ್ತಾ? ಗಾಬರಿ ಬೇಡ. ಸಾಮಾನ್ಯವಾಗಿ ಬೈಟುಗಳು ಹಾಗೇ ಇರುತ್ತವೆ, ಓದೋ ಕನ್ನಡಕ ತಪ್ಪಿರುತ್ತದೆ. ಆ ಸ್ಥಿತಿಯಲ್ಲಿ ಲೇಖನ ತೆರೆದು ಸೇವ್ ಮಾತ್ರ ಒತ್ತಬೇಡಿ, ಗೋಜಲು ದುಪ್ಪಟ್ಟಾಗುತ್ತದೆ. ಬರೀ ಪ್ರಶ್ನೆಚಿಹ್ನೆಗಳ ಸಾಲು ಕಂಡರೆ ಡೇಟಾಬೇಸ್ ಒಳಗೇ ನೋಡಿ. ಅಲ್ಲಿ ಕನ್ನಡ ಇದ್ದರೆ ಬಚಾವ್, ಅಲ್ಲೂ ಪ್ರಶ್ನೆಚಿಹ್ನೆಯೇ ಇದ್ದರೆ ಹಳೇ ಪ್ರತಿಯೇ ಗತಿ. ಇದನ್ನು ನೋಡದೆ "ಅಳಿಸಿ, ಹೊಸದಾಗಿ ಹಾಕಿ" ಅನ್ನುವವರು ಜೀವ ಇರೋ ಬರಹವನ್ನೇ ಮಣ್ಣು ಮಾಡಿಸುತ್ತಾರೆ.

ಹಾಗಾದರೆ ಮಾಡೋದೇನು? ಮೊದಲು ಡೇಟಾಬೇಸು, ಫೈಲು ಎರಡರದ್ದೂ ಪ್ರತಿ ತೆಗೆದಿಡಿ, ಕೆಟ್ಟ ಸ್ಥಿತಿಯಲ್ಲಿದ್ದರೂ ಸರಿ. ಆಮೇಲೆ ಲಾಗ್. ಹೋಸ್ಟಿಂಗ್ ಕಡೆ ಸಿಗದಿದ್ದರೆ ಡಬ್ಲ್ಯೂಪಿ ಕಾನ್ಫಿಗ್ ಫೈಲಿನಲ್ಲಿ ಡೀಬಗ್ ಲಾಗ್ ಚಾಲೂ ಮಾಡಿ, ಓದುಗರಿಗೆ ಕಾಣೋದನ್ನು ಆಫ್ ಮಾಡಿ. 2019ರಲ್ಲಿ ಬಂದ 5.2ರಿಂದ ವರ್ಡ್‌ಪ್ರೆಸ್ ತಾನೇ ಯಾವ ಪ್ಲಗಿನ್ ಕೈಕೊಟ್ಟಿತು ಅಂತ ಅಡ್ಮಿನ್‌ಗೆ ಮೇಲ್ ಕಳಿಸಲು ನೋಡುತ್ತದೆ. ಅಡ್ಮಿನ್ ಅಂತ ನೀವು ಕೊಟ್ಟಿರೋ ಮೇಲ್ ಐಡಿ ಬದುಕಿದೆಯಾ ನೋಡ್ಕೊಳ್ಳಿ! ಸೈಟ್ ತೆರೆಯುವಂತಿದ್ದರೆ ಹೆಲ್ತ್ ಚೆಕ್ ಪ್ಲಗಿನ್ ಹಾಕಿದರೆ ನಿಮಗೆ ಮಾತ್ರ ಎಲ್ಲ ಪ್ಲಗಿನ್ ಆಫ್ ಆಗಿ, ಓದುಗರಿಗೆ ಸೈಟ್ ಎಂದಿನಂತೇ ಕಾಣುತ್ತದೆ. ಒಂದೊಂದನ್ನೇ ಆನ್ ಮಾಡ್ತಾ ಬನ್ನಿ, ಕಳ್ಳ ಸಿಕ್ಕೇ ಸಿಗುತ್ತಾನೆ. ಒಳಗೆ ಹೋಗಲಿಕ್ಕೇ ಆಗದಿದ್ದರೆ ಪ್ಲಗಿನ್‌ಗಳ ಫೋಲ್ಡರಿನ ಹೆಸರು ಬದಲಿಸಿ, ಎಲ್ಲವೂ ಒಟ್ಟಿಗೇ ಆಫ್. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಿಲ್ಲ, ತಾಳ್ಮೆ ಸಾಕು.

ಗೆಳೆಯರೇ, ಕನ್ನಡದಲ್ಲಿ ಬರೆದದ್ದೇ ತಪ್ಪೇನೋ ಅಂತ ಹೆದರಿ ಒಂದೊಂದೇ ಬಿಟ್ಟುಕೊಡ್ತಾ ಹೋದರೆ, ಇವತ್ತು ವಿಳಾಸ, ನಾಳೆ ಶೀರ್ಷಿಕೆ, ಆಮೇಲೆ ಬರಹವೇ. ಮುಂದಿನ ಸಲ ಯಾರಾದರೂ "ಕನ್ನಡದಿಂದ ಹಿಂಗಾಯ್ತು" ಅಂದರೆ ಒಂದೇ ಪ್ರಶ್ನೆ ಕೇಳಿ: "ಲಾಗ್‌ನಲ್ಲಿ ಯಾವ ಸಾಲು ಹಾಗಂತ ಹೇಳ್ತು, ತೋರ್ಸಿ."

ತೋರಿಸಿದರೆ ನನಗೂ ತಿಳಿಸಿ :-)