ಹಸಿರು ಮೂಗಿನ ಹೆಂಗಸು

ಪುಟ್ಟ ಮಗಳು ಅಮ್ಮನ ಚಿತ್ರ ಬರೆದು, ಮುಖಕ್ಕೆ ಹಸಿರು ಬಳಿದು ತಂದರೆ ನಾವೇನು ಮಾಡುತ್ತೇವೆ? ‘ಮುಖ ಎಲ್ಲಾದರೂ ಹಸಿರಾಗಿರುತ್ತದೇನೇ?’ ಎಂದು ಬೇರೆ ಹಾಳೆ ಕೊಡುತ್ತೇವೆ. 1905ರಲ್ಲಿ ಪ್ಯಾರಿಸ್ಸಿನ ಜನ 35 ವರ್ಷದ ಹೆನ್ರಿ ಮಾತೀಸನನ್ನು ಕೇಳಿದ್ದೂ ಇದನ್ನೇ. ಕೇಳಿದ್ದಷ್ಟೇ ಅಲ್ಲ, ನಕ್ಕರು ಕೂಡ.

ಆ ವರ್ಷ ಶರತ್ಕಾಲದ ಕಲಾಪ್ರದರ್ಶನದಲ್ಲಿ ಆತನಿಟ್ಟ ತೈಲಚಿತ್ರದ ಹೆಸರು ‘ಹ್ಯಾಟ್ ತೊಟ್ಟ ಮಹಿಳೆ’. ಸುಮಾರು 80 ಸೆಂ.ಮೀ. ಎತ್ತರ, 60 ಸೆಂ.ಮೀ. ಅಗಲ. ಕುಳಿತ ಹೆಂಗಸೊಬ್ಬಳು ಹೆಗಲ ಮೇಲಿಂದ ನಮ್ಮತ್ತ ನೋಡುತ್ತಿದ್ದಾಳೆ. ಭಾರಿ ಹ್ಯಾಟು, ಕೈಗವಸು, ಬೀಸಣಿಗೆ. ಇಷ್ಟೇ ಆಗಿದ್ದರೆ ಗಲಾಟೆಯಿರುತ್ತಿರಲಿಲ್ಲ. ಆದರೆ ಹಣೆ, ಮೂಗಿನ ಮೇಲೆ ಹಸಿರು, ಕತ್ತು ಕಿತ್ತಳೆ, ಕೂದಲು ಇಟ್ಟಿಗೆಗೆಂಪು. ಹಿನ್ನೆಲೆಯಂತೂ ಕುಂಚ ಒರೆಸಿದ ಬಟ್ಟೆಯ ಹಾಗೆ! ಲೂಯಿ ವೋಸೆಲ್ ಎಂಬ ವಿಮರ್ಶಕ ಆ ಕೊಠಡಿಯ ಕಲಾವಿದರನ್ನು ‘ಫೋವ್’, ಅಂದರೆ ಕಾಡುಮೃಗಗಳು, ಎಂದ. ಮುಂದೆ ಆ ಹೀಗಳಿಕೆಯೇ ಒಂದು ಕಲಾಪಂಥದ ಹೆಸರಾಯಿತು.

ಸ್ವಲ್ಪ ನಿಂತು ನೋಡಿ. ನೆರಳು ತೋರಿಸಲು ನಾವು ಕಪ್ಪನ್ನೋ ಕಂದನ್ನೋ ಬೆರೆಸುತ್ತೇವೆ. ಮಾತೀಸ್ ಆ ಕೆಲಸವನ್ನು ಹಸಿರಿಗೆ ವಹಿಸಿದ. ಹಸಿರಿನ ಪಕ್ಕ ಕೆಂಪು ಬಂದರೆ ಎರಡೂ ಇನ್ನಷ್ಟು ಹೊಳೆಯುತ್ತವೆ. ಕೆಂಪು ಸೀರೆಗೆ ಹಸಿರು ಅಂಚು ಆರಿಸುವ ತಾಯಂದಿರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಹ್ಯಾಟು ಕೊಂಚ ಅತಿಯಾಯಿತೆಂದು ನನಗೂ ಅನಿಸಿದ್ದುಂಟು. ಆದರೆ ಇಷ್ಟು ಬಣ್ಣಗಳ ನಡುವೆಯೂ ಆ ಕಣ್ಣುಗಳ ದಣಿವು ಮರೆಯಾಗುವುದಿಲ್ಲ.

ದಣಿವಿಗೆ ಕಾರಣಗಳಿದ್ದವು. ಆಕೆ ಮಾತೀಸನ ಹೆಂಡತಿ ಅಮೆಲಿ. 1899ರಲ್ಲಿ ಹ್ಯಾಟಿನ ಅಂಗಡಿ ತೆರೆದು ಸಂಸಾರ ತೂಗಿಸಿದಾಕೆ. ಗಂಡನೋ, ಕಾನೂನು ಓದಿ, ವಕೀಲರ ಕಚೇರಿಯ ಗುಮಾಸ್ತಿಕೆ ಬಿಟ್ಟು ಬಣ್ಣ ಹಿಡಿದವನು. ಆ ಹುಚ್ಚು ಹತ್ತಿದ್ದು 20ರ ವಯಸ್ಸಿನಲ್ಲಿ, ಕಾಯಿಲೆಯಿಂದ ಮಲಗಿದ್ದಾಗ ತಾಯಿ ಕೊಟ್ಟ ಬಣ್ಣದ ಪೆಟ್ಟಿಗೆಯಿಂದ.

ಚಿತ್ರ ಈಗ ಸ್ಯಾನ್ ಫ್ರಾನ್ಸಿಸ್ಕೋದ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅಂದು ಮಾತೀಸ್ ಹೇಳಿದ ಬೆಲೆ 500 ಫ್ರಾಂಕ್. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಅಮೆರಿಕದ ಸ್ಟೈನ್ ಕುಟುಂಬ ಕಡಿಮೆಗೆ ಕೇಳಿತು. ಕೊಡಕೂಡದೆಂದು ಪಟ್ಟು ಹಿಡಿದವಳು ಅಮೆಲಿಯೇ ಎಂದು ಆ ಮನೆಯ ಲೇಖಕಿ ಗರ್ಟ್ರೂಡ್ ಸ್ಟೈನ್ ಮುಂದೆ ಬರೆದಳು. ಆ ವ್ಯತ್ಯಾಸದ ಹಣದಲ್ಲಿ ಮಗಳು ಮಾರ್ಗರೀತ್‌ಗೆ ಚಳಿಗಾಲದ ಬಟ್ಟೆಯಾಗುತ್ತದೆಂಬುದು ತಾಯಿಯ ಲೆಕ್ಕ. ಕೊನೆಗೆ 500 ಫ್ರಾಂಕೂ ಬಂತು.