ಗಾಳದವನನ್ನು ಓಡಿಸಿದೆವು, ತೋಟೆಯವನನ್ನು ಉಳಿಸಿಕೊಂಡೆವು

ಕಳೆದ ಸಂಕ್ರಾಂತಿಯ ನಂತರದ ಭಾನುವಾರ ಮದ್ದೂರು ತಾಲ್ಲೂಕಿನಲ್ಲಿರುವ ನಮ್ಮ ನೆಂಟರ ಊರಿಗೆ ಹೋಗಿದ್ದೆ. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಹಳೆಯ ಅಭ್ಯಾಸದಂತೆ ಶಾಲು ಹೊದ್ದು ಶಿಂಷಾ ನದಿಯ ದಡಕ್ಕೆ ನಡೆದೆ. ಬಾಲ್ಯದಲ್ಲಿ ನಾನು ಬಿದಿರಿನ ಕೋಲು ಹಿಡಿದು ಕೂರುತ್ತಿದ್ದ ಜಾಗದಲ್ಲಿ ಅಂದು ಜಾತ್ರೆಯಂತೆ ಜನ ಸೇರಿದ್ದರು. ಮೋಟಾರು ಸೈಕಲ್ಲುಗಳು, ಮೂರು ಕಾರುಗಳು, ಹಾಡು ಹೊರಡಿಸುತ್ತಿದ್ದ ಮೊಬೈಲುಗಳು, ಬಂಡೆಯ ಮೇಲೆ ಖಾಲಿ ಬಾಟಲಿಗಳು. ಒಬ್ಬೊಬ್ಬನ ಮುಂದೆಯೂ ಮೂರು ನಾಲ್ಕು ಗಾಳದ ಕೋಲುಗಳು ಮರಳಿನಲ್ಲಿ ನೆಟ್ಟು ನಿಂತಿದ್ದವು. ಒಬ್ಬನ ದಾರ ಇನ್ನೊಬ್ಬನ ದಾರಕ್ಕೆ ಸಿಕ್ಕಿಕೊಂಡು ಇಬ್ಬರು ಯುವಕರು ಕೈಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದರು.

ಅವರಲ್ಲೊಬ್ಬ ನನ್ನನ್ನು ಕಂಡು ಥಟ್ಟನೆ ಎದ್ದು ನಿಂತ. "ಸಾ, ನೀವೂ ಗಾಳ ಹಾಕಕ್ಕೆ ಬಂದ್ರಾ?" ಎಂದ. ನನ್ನ ವಿದ್ಯಾರ್ಥಿಯೇ. ಕೂದಲು ನರೆಯತೊಡಗಿದ್ದರೂ ನಗು ಹತ್ತನೆಯ ತರಗತಿಯದೇ. ಮಾತು ಆರಂಭಿಸುವಷ್ಟರಲ್ಲಿ ಹೊಳೆಯ ಕೆಳಭಾಗದಿಂದ ಗುಡುಗಿನಂಥ ಒಂದು ಸದ್ದು ಬಂತು. ದಡದ ಮೇಲಿದ್ದವರೆಲ್ಲ ಒಮ್ಮೆ ತಲೆಯೆತ್ತಿದರು. ಮತ್ತೆ ತಲೆ ತಗ್ಗಿಸಿದರು. "ಕ್ವಾರೀದು ಇರ್ಬೇಕು ಸಾ" ಎಂದ ನನ್ನ ಶಿಷ್ಯ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನೀರಿನ ದಿಕ್ಕಿನಿಂದ ಬರುವ ಸದ್ದು ಯಾವ ಕಲ್ಲು ಕ್ವಾರಿಯದು? ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ದಾರಕ್ಕಾಗಿ ಜಗಳವಾಡುತ್ತಿದ್ದವರು ಆ ಸದ್ದಿಗಾಗಿ ಒಂದು ಮಾತನ್ನೂ ಆಡಲಿಲ್ಲ. ಈ ಬರಹ ಹುಟ್ಟಿದ್ದು ಆ ಮೌನದಿಂದ.

ನನ್ನ ದೊಡ್ಡಪ್ಪ ನನಗೆ ಗಾಳ ಕಲಿಸಿದವರು. ಎರೆಹುಳುವೋ ರಾಗಿ ಹಿಟ್ಟಿನ ಉಂಡೆಯೋ ಸಿಕ್ಕಿಸಿ, ಬೆಂಡು ತೇಲಿಬಿಟ್ಟು, ಗಂಟೆಗಟ್ಟಲೆ ಮಾತಿಲ್ಲದೆ ಕೂರುತ್ತಿದ್ದರು. ಅವರ ಕಾನೂನು ಚಿಕ್ಕದು: "ಒಬ್ಬಂಗೆ ಒಂದೇ ಗಾಳ, ಒಂದೇ ಜಾಗ. ಮೊದಲು ಬಂದೋನಿಗೆ ಮಡುವು. ಎದ್ದೋದ್ರೆ ಜಾಗ ಹೋಯ್ತು ಕಣ್ಲಾ." ಯಾರೂ ಬರೆದಿಟ್ಟಿರದ ಈ ನಿಯಮವನ್ನು ದಡದ ಮೇಲೆ ಎಲ್ಲರೂ ಪಾಲಿಸುತ್ತಿದ್ದರು. ಹಾಗೆಂದು ಆ ಕಾಲದವರೆಲ್ಲ ಪುಣ್ಯವಂತರೆಂದು ನಾನು ಹೇಳಲಾರೆ. ಮುಂಗಾರಿನ ಹೊಸನೀರು ಬಂದಾಗ ಊರಿಗೆ ಊರೇ ಬಲೆ, ಬುಟ್ಟಿ ಹಿಡಿದು ಹೊಳೆಗಿಳಿಯುತ್ತಿತ್ತು. ಮೊಟ್ಟೆ ತುಂಬಿದ ಮೀನನ್ನು ಬಿಡಬೇಕೆಂಬ ವಿವೇಕ ಯಾರಿಗೂ ಇರಲಿಲ್ಲ. ಆದರೆ ಅಂದು ಹೊಳೆಯಲ್ಲಿ ನೀರಿತ್ತು, ಹಿಡಿಯುವ ಕೈಗಳು ಕಡಿಮೆಯಿದ್ದವು. ಇಂದು ನೀರು ಕಡಿಮೆ, ಕೈಗಳು ಹೆಚ್ಚು. ಅಂದು ನಿಯಮ ಒಳ್ಳೆಯ ಗುಣವಾಗಿತ್ತು. ಇಂದು ಅದಿಲ್ಲದಿದ್ದರೆ ಹೊಳೆಯೇ ಉಳಿಯದು.

ಈಗ ಕಾವೇರಿಯ ಮಾತಿಗೆ ಬರುತ್ತೇನೆ. ನಮ್ಮ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ, ಭೀಮೇಶ್ವರಿ, ದೊಡ್ಡಮಕಳಿಯ ಹೆಸರು ಒಂದು ಕಾಲದಲ್ಲಿ ಇಂಗ್ಲೆಂಡಿನ ಗಾಳದವರ ನಾಲಗೆಯ ಮೇಲಿತ್ತು. ಕಾರಣ ನಾವು ಬಿಳಿ ಮೀನು ಎಂದು ಕರೆಯುವ, ಜಗತ್ತು ಮಹಸೀರ್ ಎಂದು ಕರೆಯುವ ಮೀನು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳದಿಂದ ಹಿಡಿದ ಮಹಸೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ನನ್ನ ತರಗತಿಯ ಕೊನೆಯ ಬೆಂಚಿನ ಹುಡುಗನಿಗಿಂತ ಭಾರದ ಮೀನು! 1972ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ವನ್ಯಜೀವಿ ಸಂಘದವರು ಸಿಡಿಮದ್ದಿನಿಂದ ಈ ಮೀನನ್ನು ಉಳಿಸಲೆಂದೇ ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಕಾದರು. ಆಮೇಲೆ ಜಂಗಲ್ ಲಾಡ್ಜಸ್ ಸಂಸ್ಥೆಯ ಗಾಳದ ಶಿಬಿರಗಳು ಬಂದವು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತವಾಗಿ ನೀರಿಗೆ ಬಿಡುವುದು ಅಲ್ಲಿನ ಕಟ್ಟುಪಾಡು. ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದ ಹಳ್ಳಿಗರೇ ಅಲ್ಲಿ ಸಂಬಳ ಪಡೆದು ಮಾರ್ಗದರ್ಶಿಗಳೂ ಕಾವಲುಗಾರರೂ ಆದರು.

1987ರಲ್ಲಿ ಕಾವೇರಿ ವನ್ಯಜೀವಿ ಧಾಮ ಘೋಷಣೆಯಾಗಿತ್ತು. ವನ್ಯಜೀವಿ ಕಾಯ್ದೆಯ ಪ್ರಕಾರ ಪ್ರಾಣಿಯನ್ನು ಸೆರೆಹಿಡಿಯುವುದೂ ಬೇಟೆಯೇ. ಆ ನೆಲೆಯಲ್ಲಿ 2012ರ ಹೊತ್ತಿಗೆ ಧಾಮದೊಳಗೆ ಗಾಳ ಹಾಕುವುದು ನಿಂತುಹೋಯಿತು. ಕಾನೂನಿನ ಅಕ್ಷರವನ್ನು ನಾನು ಪ್ರಶ್ನಿಸುವುದಿಲ್ಲ. ನಾನು ಕೇಳುವುದು ಬೇರೆ: ಗಾಳದವನು ಎದ್ದು ಹೋದ ಬಂಡೆಯ ಮೇಲೆ ಯಾರು ಬಂದು ಕುಳಿತರು? ದಿನವಿಡೀ ನೀರನ್ನೇ ನೋಡುತ್ತಿದ್ದ ಕಣ್ಣುಗಳು ಹೋದವು. ಅರಣ್ಯ ರಕ್ಷಕರು ಇಲ್ಲವೆಂದಲ್ಲ; ಆದರೆ ಆನೆಯನ್ನೂ ಕಾಯಬೇಕು, ಮರವನ್ನೂ ಕಾಯಬೇಕು, ಬೆಂಕಿಯನ್ನೂ ನಂದಿಸಬೇಕು ಎಂಬ ನಾಲ್ಕು ಜನ, ಮೈಲುಗಟ್ಟಲೆ ಹರಿಯುವ ನದಿಯ ಪ್ರತಿ ಮಡುವನ್ನೂ ಕಾಯುವುದು ಹೇಗೆ? ಗಾಳವು ಬೆಳಕಿನಲ್ಲಿ ಕೂತು ಮಾಡುವ ಕೆಲಸ, ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಅದನ್ನು ನಿಲ್ಲಿಸುವುದು ಸುಲಭ. ತೋಟೆ ಒಂದು ನಿಮಿಷದ ಕೆಲಸ. ಸುಲಭವಾದದ್ದನ್ನು ಮಾಡಿ ಕರ್ತವ್ಯ ಮುಗಿಯಿತೆಂದುಕೊಂಡೆವು.

ಇಲ್ಲಿ ಗಾಳದವರ ತಪ್ಪನ್ನೂ ಹೇಳದಿದ್ದರೆ ನನ್ನ ವಾದಕ್ಕೆ ಅರ್ಥವಿಲ್ಲ. ಮೀನು ಕಡಿಮೆಯಾಯಿತೆಂದು, ಲೋನಾವಳದ ಟಾಟಾ ಸಂಸ್ಥೆಯ ಮರಿ ಕೇಂದ್ರದಿಂದ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ತಂದು ಸದುದ್ದೇಶದಿಂದಲೇ ಕಾವೇರಿಗೆ ಬಿಟ್ಟರು. ಗಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಕಂಡದ್ದೇನು? ತಂದುಬಿಟ್ಟ ನೀಲಿ ರೆಕ್ಕೆಯ ಮೀನು ಹೆಚ್ಚುತ್ತಾ ಹೋಗಿತ್ತು. ಕಾವೇರಿಯದೇ ಆದ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ದೈತ್ಯ ಮೀನು ಬಹುಮಟ್ಟಿಗೆ ಕಾಣೆಯಾಗಿತ್ತು. ಜಗತ್ತು ಕೊಂಡಾಡಿದ ಆ ಮೀನಿಗೆ 2018ರವರೆಗೆ ಖಚಿತವಾದ ಶಾಸ್ತ್ರೀಯ ಹೆಸರೂ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಲ್ಲಿ ಮೊದಲು ಗುರುತಿಸಲಾಗಿದ್ದ ಟಾರ್ ರೆಮಾದೇವಿ ಎಂಬ ಮೀನೇ ಇದು ಎಂದು ಆ ವರ್ಷ ತಿಳಿಯಿತು. ಅದೇ ವರ್ಷ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ಹೆಸರಿಡುವ ದಿನವೇ ಸೂತಕದ ಸುದ್ದಿ ಬಂದಂತೆ!

ಆದರೆ ಒಂದನ್ನು ಗಮನಿಸಿ. ಗಾಳದವರ ತಪ್ಪು ನಮಗೆ ತಿಳಿದದ್ದು ಗಾಳದವರೇ ಬರೆದಿಟ್ಟ ಪುಸ್ತಕದಿಂದ. ತೋಟೆ ಹಾಕಿದವನು ಯಾವ ಪುಸ್ತಕದಲ್ಲಿ ಲೆಕ್ಕ ಬರೆದಿದ್ದಾನೆ?

ನನ್ನ ತಂಗಿಯ ಮಗಳು, ಮಾಂಸಾಹಾರ ಬಿಟ್ಟವಳು, ಈ ವಿಷಯ ಬಂದಾಗಲೆಲ್ಲ ನನ್ನೊಡನೆ ವಾದಿಸುತ್ತಾಳೆ. "ಮಾವ, ತಿನ್ನುವುದಕ್ಕಾದರೂ ಹಿಡಿದರೆ ಒಂದು ಮಾತು. ಆಟಕ್ಕೆ ಬಾಯಿಗೆ ಮುಳ್ಳು ಚುಚ್ಚಿ ಬಿಡುವುದು ಯಾವ ಧರ್ಮ?" ಎನ್ನುತ್ತಾಳೆ. ಅವಳ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಗಾಳದಿಂದ ಮೀನಿಗೆ ನೋವಾಗುತ್ತದೆ. ಆದರೆ ಗಾಳ ಒಂದು ಸಲಕ್ಕೆ ಒಂದು ಮೀನನ್ನು ಹಿಡಿಯುತ್ತದೆ, ಮತ್ತು ಬೇಡವಾದರೆ ಬಿಡುತ್ತದೆ. ತೋಟೆಯಾಗಲಿ, ಬ್ಲೀಚಿಂಗ್ ಪೌಡರ್ ಆಗಲಿ, ವಿದ್ಯುತ್ ತಂತಿಯಾಗಲಿ ಮೀನನ್ನಷ್ಟೇ ಹಿಡಿಯುವುದಿಲ್ಲ. ಮರಿ, ಮೊಟ್ಟೆ, ಏಡಿ, ಸೀಗಡಿ ಎಲ್ಲವನ್ನೂ ಮುಗಿಸುತ್ತದೆ. ಸ್ಫೋಟದಲ್ಲಿ ಸತ್ತ ಮೀನುಗಳಲ್ಲಿ ತೇಲುವುವು ಕೆಲವು ಮಾತ್ರ, ಎಷ್ಟೋ ಮೀನುಗಳು ತಳ ಸೇರಿ ಕೊಳೆಯುತ್ತವೆ. ಹಾಗೆ ಸತ್ತದ್ದು ಯಾರ ಸಾರಿಗೂ ಬರುವುದಿಲ್ಲ. ನಮ್ಮ ದೇಶದಲ್ಲಿ ಸ್ಫೋಟಕ ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಬ್ರಿಟಿಷರ ಕಾಲದ ಕಾನೂನು ಪುಸ್ತಕದಲ್ಲಿದೆ; ಸದ್ದು ಮಾತ್ರ ಇಂದಿಗೂ ಹೊಳೆಯಲ್ಲಿದೆ.

ಇನ್ನು ನಾನು ಇಷ್ಟು ವರ್ಷ ಬರೆಯಲು ಹಿಂಜರಿದ ಮಾತು. 1980ರ ದಶಕದಲ್ಲಿ ಮಳವಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಬಿ.ಎಡ್.ನಲ್ಲಿ ಕಲಿತದ್ದನ್ನೆಲ್ಲ ಪ್ರಯೋಗಿಸಿ ನೋಡುವ ಉತ್ಸಾಹದ ವಯಸ್ಸು. ಮೀನಿನ ಗಾಳಿಚೀಲದ ಪಾಠ ಮಾಡಬೇಕಿತ್ತು. ನಾಳೆ ಯಾರಾದರೂ ಒಂದು ಮೀನು ತನ್ನಿ ಎಂದೆ. ಮರುದಿನ ಒಬ್ಬ ಹುಡುಗ ದೊಡ್ಡದೊಂದು ಗೆಂಡೆ ಮೀನನ್ನು ಎಲೆಯಲ್ಲಿ ಸುತ್ತಿ ತಂದ. ಮೇಜಿನ ಮೇಲಿಟ್ಟು ಕೊಯ್ದೆ. ಗಾಳಿಚೀಲ ಹರಿದು ಚಿಂದಿಯಾಗಿತ್ತು, ಬೆನ್ನೆಲುಬು ಮುರಿದಿತ್ತು. ಬಾಯಿಯಲ್ಲಿ ಗಾಳದ ಗುರುತಿಲ್ಲ, ಮೈಮೇಲೆ ಬಲೆಯ ಗೆರೆಯಿಲ್ಲ. ತರಗತಿ ಮೌನವಾಯಿತು. ಹೊಳೆಯಂಚಿನ ಮಕ್ಕಳು, ಅದು ಹೇಗೆ ಸತ್ತ ಮೀನೆಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ನಾನು "ಇದು ಹಾಳಾಗಿದೆ, ಇನ್ನೊಂದು ತನ್ನಿ" ಎಂದಷ್ಟೇ ಹೇಳಿ, ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಪಾಠ ಮುಗಿಸಿದೆ. ಆ ಹುಡುಗನ ಮನೆಯಿಂದ ಹಬ್ಬಕ್ಕೆ ನಮ್ಮ ಮನೆಗೂ ಮೀನು ಬಂದದ್ದುಂಟು. ತಿಂದದ್ದೂ ಉಂಟು.

ಅದೇ ವರ್ಷ ಬೇಸಿಗೆ ರಜೆ ಮುಗಿಸಿ ಶಾಲೆ ತೆರೆದಾಗ ಅವನು ಬರಲಿಲ್ಲ. ಒಂದು ತಿಂಗಳ ನಂತರ ಬಂದ. ಬಲಗೈ ಬಟ್ಟೆಯಲ್ಲಿ ಸುತ್ತಿತ್ತು. ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಉಳಿದಿದ್ದವು. ಬತ್ತಿ ಹಚ್ಚಿ ಎಸೆಯುವುದರೊಳಗೆ ಸಿಡಿದಿತ್ತಂತೆ. ಎಡಗೈಯಲ್ಲಿ ಬರೆಯಲು ಕಲಿತು ಪರೀಕ್ಷೆಗೆ ಕುಳಿತ, ಪಾಸಾದ. ಅವನೆಂದೂ ನನ್ನನ್ನು ದೂರಲಿಲ್ಲ. ದೂರಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ನಲವತ್ತು ಮಕ್ಕಳ ಮುಂದೆ ಸತ್ಯ ಮೇಜಿನ ಮೇಲೆ ಬಿದ್ದಿದ್ದಾಗ, ಅದನ್ನು ಓದಿ ಹೇಳಬೇಕಾಗಿದ್ದ ಮೇಷ್ಟ್ರು ನಾನು. ಆದ್ದರಿಂದ ಮೊನ್ನೆ ಶಿಂಷೆಯ ದಡದಲ್ಲಿ ತಲೆ ತಗ್ಗಿಸಿದವರನ್ನು ಬೈಯುವ ಅಧಿಕಾರ ನನಗೆ ಪೂರ್ತಿ ಇಲ್ಲ. ಆದರೂ ಬೈಯುತ್ತೇನೆ, ಏಕೆಂದರೆ ಆ ಮೌನದ ಬೆಲೆ ಎಷ್ಟೆಂದು ನಾನು ಕಂಡಿದ್ದೇನೆ.

ಜನಸಂದಣಿಯೇ ಹೊಳೆಗೆ ಶತ್ರು ಎಂದು ಕೆಲವರು ವಾದಿಸುತ್ತಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಯೊಬ್ಬ ಅಲ್ಲಿನ ಸ್ಟೀಲ್‌ಹೆಡ್ ಎಂಬ ಮೀನಿನ ವಿಷಯ ಬರೆದಿದ್ದ. ಸಮುದ್ರಕ್ಕೆ ಹೋಗಿ ಚಳಿಗಾಲದಲ್ಲಿ ಹೊಳೆಗೆ ಮರಳುವ ಮೀನು ಅದು. ಆಗ ದಡದ ಮೇಲೆ ಭುಜಕ್ಕೆ ಭುಜ ತಾಗುವಂತೆ ಜನ ನಿಲ್ಲುತ್ತಾರಂತೆ. ಆದರೆ ಪ್ರತಿಯೊಬ್ಬನ ಜೇಬಿನಲ್ಲಿ ಪರವಾನಗಿ ಇರುತ್ತದೆ, ಹಿಡಿದ ಮೀನನ್ನು ಬರೆದುಕೊಳ್ಳುವ ಚೀಟಿ ಇರುತ್ತದೆ. ಸಾಕಣೆ ಕೇಂದ್ರದ ಮರಿಗಳ ಬೆನ್ನಿನ ಚಿಕ್ಕ ರೆಕ್ಕೆಯನ್ನು ಮೊದಲೇ ಕತ್ತರಿಸಿರುತ್ತಾರೆ; ರೆಕ್ಕೆ ಇಲ್ಲದಿದ್ದರೆ ಮನೆಗೆ, ಇದ್ದರೆ ಅದು ಹೊಳೆಯಲ್ಲೇ ಹುಟ್ಟಿದ ಮೀನು, ನೀರಿಗೆ ಬಿಡಬೇಕು. ಅಲ್ಲೂ ಆ ಮೀನು ಕಡಿಮೆಯಾಗುತ್ತಿದೆ, ಅಲ್ಲೂ ಜಗಳಗಳಿವೆ. ಆದರೆ ಜಗಳ ನಡೆಯುತ್ತಿರುವುದು ಲೆಕ್ಕದ ಮೇಲೆ. ಜನ ಸೇರಿದ್ದು ತಪ್ಪಲ್ಲ; ನಿಯಮವಿಲ್ಲದೆ ಸೇರಿದ್ದು ತಪ್ಪು.

ಹಾಗಾದರೆ ಏನು ಮಾಡಬೇಕು? ಧಾಮದ ಹೊರಗೆ, ಶಿಂಷೆಯಲ್ಲಾಗಲಿ ನಾಲೆಗಳಲ್ಲಾಗಲಿ, ಗಾಳ ಹಾಕುವವನಿಗೆ ಅವನ ಹೆಸರಿನಲ್ಲೇ ಚೀಟಿ ಕೊಡಲಿ. ಒಬ್ಬನಿಗೆ ಒಂದೇ ಕೋಲು, ಹಿಮ್ಮುಳ್ಳಿಲ್ಲದ ಒಂದೇ ಗಾಳ. ಮುಂಗಾರಿನಲ್ಲಿ ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ಯಾರೂ ಕೋಲು ಹಿಡಿಯಕೂಡದು. ಬಿಳಿ ಮೀನು ಸಿಕ್ಕರೆ ಬಿಡಲೇಬೇಕು. ಧಾಮದೊಳಗೆ ಗಾಳ ಮತ್ತೆ ಬರಲಿ ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಗಾಳದ ಜೊತೆಗೆ ಹೋದ ಕಣ್ಣುಗಳು ಮರಳಿ ಬರಲೇಬೇಕು. ಹಲಗೂರು, ಮುತ್ತತ್ತಿ ಕಡೆಯ ಹುಡುಗರಿಗೆ ಸಂಬಳ ಕೊಟ್ಟು ನದಿ ಕಾಯಲು ಹಚ್ಚಲಿ. ಹೊಳೆಯ ಸುಳಿ, ಮಡುವು, ದಾರಿಗಳನ್ನು ಅವರಷ್ಟು ಬಲ್ಲವರು ಯಾರಿದ್ದಾರೆ? ಮುತ್ತತ್ತಿಯ ಸುಳಿಗಳಿಗೆ ಸಿಕ್ಕಿ ಸಾಯುವ ಪ್ರವಾಸಿಗರಲ್ಲಿ ಕೆಲವರಾದರೂ ಅದರಿಂದ ಉಳಿದಾರು.

ಸರ್ಕಾರ ಮಾಡುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ನನ್ನ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಷ್ಟೋ ಜನ ಬೆಂಗಳೂರಿನಲ್ಲಿದ್ದೀರಿ. ನಿಮ್ಮ ನಲ್ಲಿಗೆ ಬರುವ ನೀರು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದಲೂ ಏರಿ ಬರುತ್ತಿರುವ ಕಾವೇರಿ. ರಜೆಯಲ್ಲಿ ಬಂದಾಗ ದಡಕ್ಕೆ ಹೋಗಿ, ಗಾಳ ಹಾಕಿ, ನಾನು ಬೇಡವೆನ್ನುವುದಿಲ್ಲ. ಒಂದೇ ಕೋಲು ಒಯ್ಯಿರಿ, ತಂದ ಬಾಟಲಿಯನ್ನು ಮರಳಿ ಒಯ್ಯಿರಿ. ಆ ಸದ್ದು ಕೇಳಿದರೆ ತಲೆ ತಗ್ಗಿಸಬೇಡಿ. ನಿಮ್ಮ ಕೈಯಲ್ಲಿರುವ ಮೊಬೈಲಿನಿಂದ 112ಕ್ಕೆ ಕರೆ ಮಾಡಿ. ಮೀನು ಕೊಳ್ಳುವಾಗ ಅದರ ಗಾಳಿಚೀಲ ನೋಡಿ. ಹರಿದಿದ್ದರೆ ಎಲ್ಲಿಯದೆಂದು ಕೇಳಿ, ಕೊಳ್ಳಬೇಡಿ.

ಆ ಪಾಠವನ್ನು ನಾನು ಅಂದು ಅರ್ಧಕ್ಕೇ ನಿಲ್ಲಿಸಿದ್ದೆ. ಇಷ್ಟು ತಡವಾಗಿ ಮುಗಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಒಪ್ಪದವರು ಬರೆದು ತಿಳಿಸಿ. ಮೌನವೊಂದು ಮಾತ್ರ ಬೇಡ.