ಖಾಲಿ ಬಾಟಲಿಗೂ ಬೆಲೆ ಇರಲಿ

ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಮದ್ಯದ ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚುವರಿಯಾಗಿ ಪಡೆಯಲಾಗುತ್ತಿದೆ. ಅದು ತೆರಿಗೆಯಲ್ಲ, ಠೇವಣಿ. ಖಾಲಿ ಬಾಟಲಿ ತಂದುಕೊಟ್ಟವರಿಗೆ ಆ ಹಣ ಮರಳುತ್ತದೆ. ಪ್ರವಾಸಿಗರು ಕಾಡಿನಲ್ಲಿ ಎಸೆದ ಬಾಟಲಿಗಳ ಚೂರು ಆನೆಗಳ ಪಾದಕ್ಕೆ ನಾಟುತ್ತಿದ್ದುದು ಮದ್ರಾಸ್ ಹೈಕೋರ್ಟಿನ ಗಮನಕ್ಕೆ ಬಂದ ಮೇಲೆ, ಅದರ ನಿರ್ದೇಶನದಂತೆ ಸರ್ಕಾರಿ ಮದ್ಯ ಮಾರಾಟ ಸಂಸ್ಥೆ ಟಾಸ್ಮ್ಯಾಕ್ ಈ ಪದ್ಧತಿಯನ್ನು ಜಾರಿಗೆ ತಂದಿತು. ಮಾರಾಟವಾದ ಬಾಟಲಿಗಳಲ್ಲಿ ಬಹುಪಾಲು ಮರಳಿ ಬಂದವು. ಯೋಜನೆ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಕೇರಳವೂ 2025ರ ಸೆಪ್ಟೆಂಬರ್‌ನಲ್ಲಿ 20 ರೂಪಾಯಿ ಠೇವಣಿಯ ಪ್ರಯೋಗ ಆರಂಭಿಸಿತು. ಮುದುಮಲೆಗೆ ಅಂಟಿಕೊಂಡೇ ಇರುವ ಬಂಡೀಪುರ ನಮ್ಮದು. ಆನೆ ಗಡಿ ದಾಟಿ ಬರುತ್ತದೆ, ಠೇವಣಿ ಮಾತ್ರ ಇನ್ನೂ ದಾಟಿಲ್ಲ.

‘ವೃತ್ತಾಕಾರದ ಆರ್ಥಿಕತೆ’ ಎಂಬ ಮಾತು ಈಗ ವಿಚಾರ ಸಂಕಿರಣಗಳಲ್ಲಿ ಧಾರಾಳವಾಗಿ ಕೇಳಿಬರುತ್ತಿದೆ. ಬಳಸಿದ ವಸ್ತು ಕಸವಾಗದೆ ಮತ್ತೆ ಉತ್ಪಾದನೆಗೆ ಮರಳಬೇಕು ಎಂಬುದು ಅದರ ತಿರುಳು. ಪ್ಲಾಸ್ಟಿಕ್ ಹೊದಿಕೆಗಳ ವಿಷಯದಲ್ಲಿ ಕೇಂದ್ರ ಸರ್ಕಾರ 2022ರಲ್ಲಿ ಈ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿತು. ಕಂಪನಿಗಳು ತಾವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ಕಿಗೆ ಪ್ರತಿಯಾಗಿ ಮರುಬಳಕೆ ಘಟಕಗಳಿಂದ ಪ್ರಮಾಣಪತ್ರ ಕೊಳ್ಳಬಹುದು. ಉದ್ದೇಶ ಒಳ್ಳೆಯದೇ. ಆದರೆ ಮರುವರ್ಷವೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೆಲವು ಘಟಕಗಳನ್ನು ಪರಿಶೀಲಿಸಿದಾಗ ಸುಮಾರು ಆರು ಲಕ್ಷ ನಕಲಿ ಪ್ರಮಾಣಪತ್ರಗಳು ಪತ್ತೆಯಾದವು. ಅಂತಹ ಘಟಕಗಳಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕಾಗದದಲ್ಲಿ ಪ್ಲಾಸ್ಟಿಕ್ ಕರಗುತ್ತಿತ್ತು, ಚರಂಡಿಯಲ್ಲಿ ಅದು ಹಾಗೆಯೇ ಇತ್ತು.

ಠೇವಣಿ ಪದ್ಧತಿಯ ಹೆಚ್ಚುಗಾರಿಕೆ ಇಲ್ಲಿದೆ ಎಂದು ನಾನು ಭಾವಿಸುತ್ತೇನೆ. ಬಾಟಲಿ ಕೈಗೆ ಬಂದರೆ ಮಾತ್ರ ಹಣ ಕೈಬಿಡುತ್ತದೆ. ಇದು ನಮಗೆ ಹೊಸತೂ ಅಲ್ಲ. ಖಾಲಿ ಸೋಡಾ ಬಾಟಲಿ ಕೊಡದೆ ತುಂಬಿದ ಬಾಟಲಿ ಕೊಡದ ಅಂಗಡಿಕಾರರನ್ನು ನನ್ನ ತಲೆಮಾರಿನವರು ಬಲ್ಲರು. ಇಂದಿಗೂ ಗುಜರಿ ಅಂಗಡಿಯಲ್ಲಿ ಬಿಯರ್ ಬಾಟಲಿಗೆ ಬಿಡಿ ಲೆಕ್ಕದಲ್ಲಿ ಬೆಲೆಯಿದೆ, ಏಕೆಂದರೆ ಅದನ್ನು ತೊಳೆದು ಮತ್ತೆ ತುಂಬುತ್ತಾರೆ. ಒಂದೊಂದು ಕಂಪನಿ ಒಂದೊಂದು ಆಕಾರದಲ್ಲಿ ಮಾಡಿಸುವ ಉಳಿದ ಮದ್ಯದ ಬಾಟಲಿಗಳನ್ನು ಕೇಳುವವರಿಲ್ಲ. ಅಗ್ಗದ ಮದ್ಯದ ಟೆಟ್ರಾ ಪೊಟ್ಟಣಗಳ ಸ್ಥಿತಿ ಇನ್ನೂ ಕಷ್ಟ. ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರಗಳು ಒಂದಕ್ಕೊಂದು ಅಂಟಿಕೊಂಡ ಆ ಪೊಟ್ಟಣವನ್ನು ಚಿಂದಿ ಆಯುವವರು ಮುಟ್ಟುವುದೂ ಅಪರೂಪ. ಹತ್ತು ರೂಪಾಯಿ ಬೆಲೆ ಬಂದರೆ ಗದ್ದೆಯ ಬದುವಿನಲ್ಲಿ ಒಂದೂ ಉಳಿಯಲಾರದು. ಕುಡಿದವನು ಹಿಂತಿರುಗಿಸದಿದ್ದರೂ ಆಯ್ದು ತಂದವರಿಗೆ ಅದು ಅಂದಿನ ಗಂಜಿಯಾಗುತ್ತದೆ.

ನಮ್ಮಲ್ಲಿ ಇದಕ್ಕೆ ಬೇಕಾದ ವ್ಯವಸ್ಥೆ ಅರ್ಧ ಸಿದ್ಧವಾಗಿಯೇ ಇದೆ. 2003ರಿಂದ ಮದ್ಯದ ಸಗಟು ವಿತರಣೆ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಪೆಟ್ಟಿಗೆಗಳನ್ನು ಹೊತ್ತು ಹೋಗುವ ಲಾರಿಯೇ ಖಾಲಿ ಬಾಟಲಿಗಳನ್ನು ಮರಳಿ ತರಬಹುದು. ಬಾಟಲಿಯ ಮೇಲಿನ ಅಬಕಾರಿ ಚೀಟಿಯ ಜೊತೆಗೆ ಠೇವಣಿಯ ಗುರುತನ್ನೂ ಹಚ್ಚಬಹುದು.

ಮಾರಾಟಗಾರರ ಆಕ್ಷೇಪವನ್ನು ಮಾತ್ರ ಹಗುರವಾಗಿ ಕಾಣಬಾರದು. ಸ್ಥಳವಿಲ್ಲ, ಕೆಲಸದ ಹೊರೆ ಹೆಚ್ಚಿತು ಎಂದು ಟಾಸ್ಮ್ಯಾಕ್ ನೌಕರರು ಪ್ರತಿಭಟಿಸಿದ್ದು ನ್ಯಾಯವಾದದ್ದೇ. ಸಂಗ್ರಹಿಸಿದ ಪ್ರತಿ ಬಾಟಲಿಗೂ ಅಂಗಡಿಗೆ ಸೇವಾಶುಲ್ಕ ಸಿಗಬೇಕು, ಅದನ್ನು ಮದ್ಯ ತಯಾರಕರೇ ಭರಿಸಬೇಕು. ಯಾರೂ ಮರಳಿ ಪಡೆಯದ ಠೇವಣಿ ಬೊಕ್ಕಸದಲ್ಲಿ ಕರಗಕೂಡದು; ಕಸ ಆಯುವವರ ಆರೋಗ್ಯ ವಿಮೆಗೆ ಅದು ಮೀಸಲಾಗಲಿ. ತಯಾರಕರು ಕೆಲವೇ ಸಮಾನ ಅಳತೆಯ, ಮತ್ತೆ ತುಂಬಬಲ್ಲ ಬಾಟಲಿಗಳಿಗೆ ಒಪ್ಪಿಕೊಳ್ಳಬೇಕು. ಆಕಾರದಲ್ಲೇ ತಮ್ಮ ಹೆಸರಿದೆ ಎನ್ನುವ ಕಂಪನಿಗಳು ಗೊಣಗಬಹುದು. ಹೆಸರನ್ನು ಚೀಟಿಯ ಮೇಲೆ ಬರೆದುಕೊಳ್ಳಲು ಅವರಿಗೆ ಅಡ್ಡಿಯಿಲ್ಲ. ಮೊದಲ ಹೆಜ್ಜೆಯನ್ನು ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳಿಂದಲೇ ಇಡಬಹುದು.